"ನಡೆಯಂಗಿಲ್ಲ" ಅನ್ನೋರಿಗೆ ಮೊದಲು ಪಟ್ಟಿ ಕೇಳ್ರಿ: ಹಳೆ ಇನ್ಫ್ರಾರೆಡ್ ಕೀಬೋರ್ಡ್, ಲಿನಕ್ಸ್ ಮತ್ತು ನಮ್ಮ ಕನ್ನಡ

(1/8)
ಮೊದಲನೇ ಫೋಟೋ ನೋಡ್ರಿ. ಕೀಬೋರ್ಡಿನ ಮುಂದಿನ ಅಂಚಿನಲ್ಲಿ ನೇರಳೆ-ಬಿಳಿ ಬಣ್ಣದ ಒಂದು ಚುಕ್ಕಿ ಕಾಣ್ತದಲ್ಲ, ಅದು ಬರಿಗಣ್ಣಿಗೆ ಕಾಣೋದಿಲ್ಲ, ಮೊಬೈಲ್ ಕ್ಯಾಮೆರಾಕ್ಕೆ ಮಾತ್ರ ಕಾಣ್ತದ. ಅದೇ ಇನ್ಫ್ರಾರೆಡ್ ಬೆಳಕು. ಟಿವಿ ರಿಮೋಟಿನೊಳಗ ಇರೋದೂ ಇದೇ. ನಿಮ್ಮ ಮನ್ಯಾಗ ಅಟ್ಟದ ಮ್ಯಾಲ ಎಲ್ಲೋ ಹಳೆ ವೈರ್‌ಲೆಸ್ ಕೀಬೋರ್ಡ್ ಬಿದ್ದಿದ್ದರೆ, ಅದರ ಮುಂಭಾಗದಲ್ಲಿ ಕಡುಗೆಂಪು ಪ್ಲಾಸ್ಟಿಕ್ ಕಿಟಕಿ ಇದ್ದರೆ, ಹೊಸ ಸೆಲ್ ಹಾಕಿ, ಒಂದು ಕೀ ಒತ್ತಿ ಹಿಡಿದು ಸೆಲ್ಫಿ ಕ್ಯಾಮೆರಾದಲ್ಲಿ ನೋಡ್ರಿ. ಹಿಂದಿನ ಕ್ಯಾಮೆರಾಕ್ಕೆ ಭಾಳ ಫೋನಿನಲ್ಲಿ ಫಿಲ್ಟರ್ ಇರ್ತದ, ಅದಕ್ಕೇ ಸೆಲ್ಫಿ ಕ್ಯಾಮೆರಾ ಅಂದಿದ್ದು. ಚುಕ್ಕಿ ಮಿಣುಕಿತು ಅಂದ್ರ ಕೀಬೋರ್ಡಿನ ಕೆಲಸ ಅದು ಮಾಡ್ಲಿಕ್ಕತ್ತದ. ಕೇಳೋರು ಇಲ್ಲ, ಅಷ್ಟೇ.

ಅಂಗಡಿಗೆ ಒಯ್ದರೆ ಏನಂತಾರ ನಿಮಗೂ ಗೊತ್ತು. "ಅಣ್ಣಾ, ಇದಕ್ಕ ಡ್ರೈವರ್ ಸಿಗಂಗಿಲ್ಲ. ಲಿನಕ್ಸ್‌ನ್ಯಾಗಂತೂ ನಡೆಯಂಗೇ ಇಲ್ಲ. ಹೊಸದು ತಗೋರಿ." ನಾನು ಇವತ್ತು ಹೇಳೋದು ಈ ಒಂದು ಮಾತಿನ ವಿರುದ್ಧ. ಕೆಟ್ಟ ಸಾಮಾನು ಬ್ಯಾರೆ, ಮಾಡಿದವರು ಕೈಬಿಟ್ಟ ಸಾಮಾನು ಬ್ಯಾರೆ. ಇವೆರಡನ್ನೂ ಒಂದೇ ಚೀಲದಾಗ ಹಾಕಿ ಗುಜರಿಗೆ ಕೊಡೋದು ನಮಗ ರೂಢಿ ಆಗೇದ. ಅದರಿಂದ ಹೋಗೋದು ಬರೇ ರೊಕ್ಕ ಅಲ್ಲ.

(2/8)
ಸ್ವಲ್ಪ ಇತಿಹಾಸ, ಬೇಜಾರಾಗಬ್ಯಾಡ್ರಿ.

ಇನ್ಫ್ರಾರೆಡ್ ಕೀಬೋರ್ಡ್ ನಿನ್ನೆ ಮೊನ್ನೆಯದಲ್ಲ. 1983ರ ನವೆಂಬರ್‌ನಲ್ಲಿ ಐಬಿಎಂ ಕಂಪನಿ ಪಿಸಿ-ಜೂನಿಯರ್ ಅನ್ನೋ ಮನೆಬಳಕೆಯ ಕಂಪ್ಯೂಟರ್ ಘೋಷಿಸಿದಾಗಲೇ ಅದರ ಜೊತೆ ವೈರ್ ಇಲ್ಲದ ಇನ್ಫ್ರಾರೆಡ್ ಕೀಬೋರ್ಡ್ ಇತ್ತು. ಜನರಿಗೆ ಹಿಡಿಸಲಿಲ್ಲ. ಕೀಗಳು ಚ್ಯೂಯಿಂಗ್ ಗಮ್ ತುಂಡಿನ ಹಾಗಿದ್ದವು, ಒಂದೇ ಕೋಣೆಯಲ್ಲಿ ಎರಡು ಮಷೀನ್ ಇಟ್ಟರೆ ಒಂದರ ಕೀಬೋರ್ಡ್ ಇನ್ನೊಂದರಲ್ಲಿ ಅಕ್ಷರ ಮೂಡಿಸಬಹುದಿತ್ತು. 1985ರಲ್ಲಿ ಅದರ ಕಥೆ ಮುಗೀತು.

ಆಮೇಲೆ ಮೈಕ್ರೋಸಾಫ್ಟ್‌ನವರು ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ "ಮೀಡಿಯಾ ಸೆಂಟರ್" ಅಂತ ತಂದರು. ಕಂಪ್ಯೂಟರನ್ನು ಟಿವಿಗೆ ಜೋಡಿಸಿ, ಸೋಫಾದ ಮ್ಯಾಲ ಕೂತು ನಡೆಸೋ ಆಸೆ. ಅದಕ್ಕೆ ಯುಎಸ್‌ಬಿ ಇನ್ಫ್ರಾರೆಡ್ ರಿಸೀವರ್, ರಿಮೋಟ್, ಮತ್ತು ಮೌಸ್ ಗುಂಡಿಯೂ ಕೂಡಿದ ಇನ್ಫ್ರಾರೆಡ್ ಕೀಬೋರ್ಡ್. 2015ರಲ್ಲಿ ವಿಂಡೋಸ್ 10 ಬಂತು, ಮೀಡಿಯಾ ಸೆಂಟರನ್ನೇ ತೆಗೆದು ಹಾಕಿದರು. ಕೀಬೋರ್ಡ್ ಹಂಗೇ ಇತ್ತು, ರಿಸೀವರ್ ಹಂಗೇ ಇತ್ತು, ಅವನ್ನು ಕಟ್ಟಿದ ಕಾರಣವೇ ಹೋಯ್ತು. ಈಗ ಆ ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದದ. ಕೈಬಿಟ್ಟವರನ್ನೇ ಕೈಬಿಟ್ಟಂಗಾಯ್ತು. ನಮ್ಮ ಕಡೆ ಎಷ್ಟೋ ಮನೆ, ಟ್ಯೂಷನ್ ಕೋಣೆ, ಝೆರಾಕ್ಸ್ ಅಂಗಡಿಯ ಕಂಪ್ಯೂಟರ್‌ಗಳು ವಿಂಡೋಸ್ 11 ಹಾಕ್ಲಿಕ್ಕೆ ಅರ್ಹ ಇಲ್ಲ ಅಂತ ಮೂಲೆಗೆ ಸೇರ್ಲಿಕ್ಕತ್ತಾವ. ಅವುಗಳಲ್ಲಿ ಲಿನಕ್ಸ್ ಹಾಕಿದರೆ ಇನ್ನೂ ನಾಕೈದು ವರ್ಷ ಓಡ್ತಾವ. ಲಿನಕ್ಸ್ ಹಾಕೋ ಹುಡುಗರು ಹೆಚ್ಚಾಗೋ ಈ ಹೊತ್ತಿನಲ್ಲೇ ಈ ವಿಷಯ ಎತ್ತಿದ್ದು ಅದಕ್ಕೇ.

(3/8)
ಈಗ ಕೆಲಸದ ಮಾತು. ಕಮಾಂಡ್‌ಗಳು ಎರಡು ಮತ್ತು ಮೂರನೇ ಫೋಟೋದಾಗ ಅವ, ಇಲ್ಲಿ ತಿಳಿಯೋ ಹಾಗೆ ಹೇಳ್ತೀನಿ.

ಇನ್ಫ್ರಾರೆಡ್ ಕೀಬೋರ್ಡ್‌ಗಳಲ್ಲಿ ನೀವು ಮೊದಲು ಗುರುತಿಸಬೇಕಾದ್ದು, ಬೆಳಕಿನ ಮಾತನ್ನು ಯಾರು ಬಿಡಿಸ್ತಾರ ಅನ್ನೋದು. ಕೆಲವು ಕೀಬೋರ್ಡಿನ ಜೊತೆ ಬರೋ ಯುಎಸ್‌ಬಿ ಅಥವಾ ಪಿಎಸ್/2 ರಿಸೀವರ್ ತಾನೇ ಎಲ್ಲ ಬಿಡಿಸಿ, ಕಂಪ್ಯೂಟರಿಗೆ "ನಾನು ಮಾಮೂಲಿ ಕೀಬೋರ್ಡ್" ಅಂತ ಹೇಳ್ತದ. ಅದಕ್ಕ ಏನೂ ಮಾಡಬೇಕಿಲ್ಲ, ಚುಚ್ಚಿದರೆ ಸಾಕು. ಅಂಗಡಿಯವರು ನಡೆಯಂಗಿಲ್ಲ ಅಂದ ಎಷ್ಟೋ ಕೀಬೋರ್ಡ್ ಈ ಜಾತಿಯವೇ ಇರಬಹುದು, ಚುಚ್ಚಿ ನೋಡಿದವರು ಯಾರು?

ಎರಡನೇ ಜಾತಿ ಮೀಡಿಯಾ ಸೆಂಟರ್ ರಿಸೀವರ್. ಇದನ್ನು ಚುಚ್ಚಿ ಯುಎಸ್‌ಬಿ ಪಟ್ಟಿ ತೆಗೆದರೆ ಸಾಮಾನ್ಯವಾಗಿ "ಇ-ಹೋಮ್ ಇನ್ಫ್ರಾರೆಡ್ ಟ್ರಾನ್ಸಿವರ್" ಅಂತ ಕಾಣ್ತದ. ಇದು ಬೆಳಕು ಎಷ್ಟು ಹೊತ್ತು ಹತ್ತಿತು, ಎಷ್ಟು ಹೊತ್ತು ಆರಿತು ಅನ್ನೋದನ್ನಷ್ಟೇ ಮ್ಯಾಲ ಕಳಸ್ತದ. ಅರ್ಥ ಬಿಡಿಸೋದು ಲಿನಕ್ಸ್ ಕರ್ನಲ್ಲಿನ ಕೆಲಸ. 2010ರ ಹೊತ್ತಿಗೆ ಈ ಕೆಲಸಕ್ಕಂತಲೇ ಕರ್ನಲ್‌ನೊಳಗ ಒಂದು ವಿಭಾಗ ಬಂತು, ಈಗ ಅದರ ಹೆಸರು ಆರ್‌ಸಿ-ಕೋರ್. ಹಳೆ ಮಾರ್ಗದರ್ಶಿಗಳೆಲ್ಲ "ಲಿರ್ಕ್ ಹಾಕ್ರಿ, ಅದರ ಡೀಮನ್ ಓಡಿಸ್ರಿ, ಕಾನ್ಫಿಗ್ ಫೈಲ್ ಬರೀರಿ" ಅಂತ ಎರಡು ಪುಟ ಹೇಳ್ತಾವ. ಭಾಳ ಮಂದಿ ಅಲ್ಲೇ ಸೋತು ಬಿಟ್ಟಾರ. ಇವತ್ತು ಹೆಚ್ಚಿನ ಕೀಬೋರ್ಡಿಗೆ ಅದು ಬೇಕಾಗೇ ಇಲ್ಲ. ಐಆರ್-ಕೀಟೇಬಲ್ ಅನ್ನೋ ಸಣ್ಣ ಪ್ಯಾಕೇಜ್ ಒಂದು ಇದ್ದರೆ ಆಯ್ತು.

(4/8)
ಮೀಡಿಯಾ ಸೆಂಟರ್ ಕೀಬೋರ್ಡಿನ ಕಥೆ ನನಗ ಭಾಳ ಇಷ್ಟ, ಇಲ್ಲಿ ಸ್ವಲ್ಪ ನಿಲ್ತೀನಿ.

ಅದರ ಭಾಷೆಯನ್ನು ಮೈಕ್ರೋಸಾಫ್ಟ್ ತನ್ನ ಕಾಗದದಲ್ಲಿ "ಒಳಬಳಕೆಯ ಪ್ರೋಟೋಕಾಲ್" ಅಂತ ಕರೆದಿತ್ತು. 2011ರಲ್ಲಿ ಜೇರೋಡ್ ವಿಲ್ಸನ್ ಅನ್ನೋ ಕರ್ನಲ್ ಡೆವಲಪರ್ ಅದನ್ನು ಬಿಡಿಸೋ ಡಿಕೋಡರ್ ಬರೆದು ಎಲ್ಲರಿಗೂ ತೆರೆದಿಟ್ಟರು. ಅದು ಇನ್ನೂ ಕರ್ನಲ್‌ನೊಳಗ ಅದ. ತೊಂದರೆ ಏನಂದ್ರ, ತಾನಾಗೇ ಶುರು ಆಗೋದಿಲ್ಲ. ರಿಸೀವರ್ ಚುಚ್ಚಿದಾಗ ಲಿನಕ್ಸ್ ರಿಮೋಟಿನ ಭಾಷೆಯನ್ನಷ್ಟೇ ಕೇಳ್ತಾ ಕೂಡ್ತದ, ಕೀಬೋರ್ಡಿನ ಭಾಷೆಗೆ ಕಿವಿ ಮುಚ್ಚಿರ್ತದ. ಮೂರನೇ ಫೋಟೋದಾಗಿನ ಒಂದೇ ಸಾಲು "ಎಂಸಿಇ ಕೀಬೋರ್ಡ್ ಪ್ರೋಟೋಕಾಲನ್ನೂ ಕೇಳು" ಅಂತ ಹೇಳ್ತದ. ಅಷ್ಟಕ್ಕೇ ಕೀಬೋರ್ಡ್ ಜೀವ ಹಿಡೀತದ. "ಡ್ರೈವರ್ ಸಿಗಂಗಿಲ್ಲ" ಅಂದಿದ್ದರಲ್ಲ, ಡ್ರೈವರ್ ಹೊಟ್ಟೆಯೊಳಗೇ ಇತ್ತು.

ಈ ಡಿಕೋಡರ್ ಓದೋ ಕೀಗಳ ಪ್ರತಿ ಸಂದೇಶ 32 ಬಿಟ್. ಅದರೊಳಗ ಶಿಫ್ಟ್, ಕಂಟ್ರೋಲ್, ಆಲ್ಟ್ ಇವುಗಳ ಸ್ಥಿತಿಗೆ ಒಂದು ಬೈಟ್, ಒತ್ತಿದ ಕೀಗಳಿಗೆ ಎರಡು ಬೈಟ್. ಅಂದ್ರ ಏಕಕಾಲಕ್ಕೆ ಎರಡೇ ಅಕ್ಷರದ ಕೀ, ಜೊತೆಗೆ ಶಿಫ್ಟ್. ಬರೆಯೋರಿಗೆ ಇಷ್ಟು ಸಾಕು, ಆಟ ಆಡೋರಿಗೆ ಸಾಲದು. ಇನ್ನೊಂದು ಜಾಣತನ: ಕೀ ಬಿಟ್ಟ ಸುದ್ದಿ ನಡುವೆ ಯಾರೋ ಹಾದು ಹೋದದ್ದಕ್ಕೆ ಬರದೇ ಹೋದರೆ, ಸ್ವಲ್ಪ ಹೊತ್ತು ಕಾದು ಎಲ್ಲ ಕೀಗಳನ್ನೂ ತಾನೇ ಬಿಟ್ಟಂತೆ ಲೆಕ್ಕ ಹಾಕ್ತದ. ಇಲ್ಲಾಂದ್ರ ನಿಮ್ಮ ಅಮ್ಮ ಚಹಾ ಹಿಡಕೊಂಡು ಅಡ್ಡ ಬಂದ ಕೂಡಲೇ ಪರದೆ ತುಂಬಾ "ಕಕಕಕಕ" ಆಗಿರ್ತಿತ್ತು.

ಇಲ್ಲಿಂದ ಮುಂದೆ ಕನ್ನಡ. ಡಿಕೋಡರ್ ಕೊಡೋದು ಮಾಮೂಲಿ ಕೀ ಸಂಖ್ಯೆ, ಅಕ್ಷರ ಯಾವುದು ಅನ್ನೋದನ್ನು ಅದರ ಮ್ಯಾಲಿನ ಇನ್ನೊಂದು ಪದರ ತೀರ್ಮಾನಿಸ್ತದ. ಹಿಂಗಾಗಿ ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಸೋರ್ಸ್‌ಗೆ ಹೋಗಿ "ಕನ್ನಡ, ಕಗಪ" ಆರಿಸಿಕೊಂಡರೆ, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ಬರ್ತದ. ನುಡಿಯಲ್ಲಿ ಟೈಪ್ ಮಾಡಿದ ಕೈ ಇದ್ದರೆ ಹೊಸದಾಗಿ ಕಲಿಯೋದು ಏನಿಲ್ಲ. "ಕಲಬುರಗಿ" ಬರೀಲಿಕ್ಕೆ ಏಳೇ ಏಳು ಕೀ, ಒಂದಕ್ಕೂ ಶಿಫ್ಟ್ ಬ್ಯಾಡ. ಮೀಡಿಯಾ ಸೆಂಟರ್ ಕೀಬೋರ್ಡ್ ಮಾಡಿದ ಎಂಜಿನಿಯರ್‌ಗೆ ಕನ್ನಡದ ಖಬರೇ ಇರಲಿಕ್ಕಿಲ್ಲ. ಆದರೂ ಅದು ಕನ್ನಡ ಬರೀತದ, ಯಾಕಂದ್ರ ಪದರಗಳು ಬ್ಯಾರೆ ಬ್ಯಾರೆ ಅವ, ಪ್ರತಿ ಪದರವೂ ತೆರೆದದ.

(5/8)
ಮೂರನೇ ಜಾತಿ ಯಾರದೂ ಹೆಸರಿಲ್ಲದ್ದು. ಹಳೆ ಸೆಟ್‌ಟಾಪ್ ಬಾಕ್ಸ್ ಜೊತೆ ಬಂದದ್ದು, ಸಂತೆಯಾಗ ಸಿಕ್ಕದ್ದು, ರಿಸೀವರ್ ಕಳಕೊಂಡದ್ದು. ಇಲ್ಲಿ ಪಟ್ಟಿ ನೀವೇ ಬರೀಬೇಕು.

ರಿಸೀವರ್‌ಗೆ ಮೂರು ಕಾಲಿನ ಒಂದು ಸಣ್ಣ ಬಿಡಿಭಾಗ ಸಾಕು, ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಯಲ್ಲಿ "ಟಿಎಸ್‌ಓಪಿ" ಅಂತ ಕೇಳ್ರಿ. ಸೂಸಲಾ-ಮಿರ್ಚಿ ತಿನ್ನೋ ರೊಕ್ಕದಾಗ ಬರ್ತದ. ರಾಸ್ಪ್‌ಬೆರಿ ಪೈಗೆ ಜೋಡಿಸೋದಿದ್ದರೆ ಮಾತ್ರ ಹುಷಾರ್ರಿ: ಅಂಗಡಿಯವರು ಮೊದಲು ಕೊಡೋದು ಟಿಎಸ್‌ಓಪಿ 1738, ಅದು 5 ವೋಲ್ಟಿನದು. ಅದರ ಔಟ್‌ಪುಟ್ ನೇರವಾಗಿ ಪೈನ 3.3 ವೋಲ್ಟಿನ ಪಿನ್‌ಗೆ ಕೊಟ್ಟರೆ ಬೋರ್ಡಿಗೇ ಪೆಟ್ಟು. 38238 ಅನ್ನೋದು ಕೇಳಿ ತಗೋರಿ, ಅದು 3.3 ವೋಲ್ಟಿನಲ್ಲೇ ನಡೀತದ. ಎರಡರ ಕಾಲುಗಳ ಕ್ರಮವೂ ಬ್ಯಾರೆ. 1738ರಲ್ಲಿ ಮೊದಲನೇ ಕಾಲು ಗ್ರೌಂಡ್, 38238ರಲ್ಲಿ ಮೊದಲನೇದು ಔಟ್‌ಪುಟ್. ನಾಲ್ಕನೇ ಫೋಟೋದಾಗ ಎರಡನ್ನೂ ಅಕ್ಕಪಕ್ಕ ಇಟ್ಟೀನಿ.

ಆಮೇಲೆ ಐಆರ್-ಕೀಟೇಬಲ್‌ಗೆ ಎಲ್ಲ ಪ್ರೋಟೋಕಾಲ್ ತೆರೆದು, ಟೆಸ್ಟ್ ಮೋಡ್‌ನಲ್ಲಿ ಬಿಟ್ಟು, ಒಂದೊಂದೇ ಕೀ ಒತ್ತುತ್ತಾ ಹೋಗ್ರಿ. ಪರದೆ ಮ್ಯಾಲ ಪ್ರೋಟೋಕಾಲಿನ ಹೆಸರು, ಸ್ಕ್ಯಾನ್‌ಕೋಡ್ ಬರ್ತದ. ನೋಟ್‌ಬುಕ್ಕಿನಲ್ಲಿ ಎಡಕ್ಕೆ ಆ ಸಂಖ್ಯೆ, ಬಲಕ್ಕೆ ಕೀ ಹೆಸರು. ಎಂಬತ್ತು ಚಿಲ್ಲರೆ ಕೀ ಇದ್ದರೂ ಒಂದು ಸಂಜೆಯ ಕೆಲಸ. ಒಬ್ಬರು ಒತ್ತಿ ಇನ್ನೊಬ್ಬರು ಬರೆದರೆ ಅರ್ಧ ಸಂಜೆ. ಆ ಪಟ್ಟಿಯನ್ನು ಟೆಕ್ಸ್ಟ್ ಫೈಲ್ ಮಾಡಿ ಲೋಡ್ ಮಾಡಿದರೆ ಮುಗೀತು. ಟೆಸ್ಟ್ ಮೋಡ್‌ನಲ್ಲಿ ಏನೂ ಬರಲಿಲ್ಲ, ಆದರೆ ಕ್ಯಾಮೆರಾದಲ್ಲಿ ಚುಕ್ಕಿ ಮಿಣುಕ್ತದ ಅಂದ್ರ, ಆ ಕೀಬೋರ್ಡಿನ ಭಾಷೆ ಕರ್ನಲ್‌ಗೆ ಬರೋದಿಲ್ಲ. ಅದಕ್ಕೂ ಈಗ ದಾರಿ ಅದ. 2018ರ 4.18 ಕರ್ನಲ್‌ನಿಂದ ಈಚೆಗೆ ಬಿಪಿಎಫ್ ಮೂಲಕ ಹೊಸ ಡಿಕೋಡರ್ ಬರೆದು, ಕರ್ನಲ್ ಮತ್ತೆ ಕಟ್ಟದೇ ಸೇರಿಸಬಹುದು. ಅದು ಹಗುರ ಕೆಲಸ ಅಂತ ನಾನು ಹೇಳಂಗಿಲ್ಲ.

ಒಂದು ಖರೆ ತೊಡಕು ಹೇಳಲೇಬೇಕು. ಆರ್‌ಸಿ-ಕೋರ್ ಹುಟ್ಟಿದ್ದು ರಿಮೋಟ್‌ಗಾಗಿ, ಪಟ್ಟಿ ಆಧಾರದ ಮ್ಯಾಲ ನಡೆಯುವಾಗ ಅದು ಒಂದು ಹೊತ್ತಿಗೆ ಒಂದೇ ಕೀ ಹಿಡಿದಿರ್ತದ. ಹೊಸ ಕೀ ಬಂದ ಕೂಡಲೇ ಹಿಂದಿನದನ್ನು ಬಿಟ್ಟುಬಿಡ್ತದ. ಶಿಫ್ಟ್ ಒತ್ತಿ ಹಿಡಿದು ಕೆ ಒತ್ತಿದರೆ ಶಿಫ್ಟ್ ಹೋಗಿರ್ತದ. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಸಣ್ಣದಾದರೆ ಯಾರೂ ಕೇಳೋದಿಲ್ಲ. ನಮ್ಮ ಕಗಪದಲ್ಲಿ "ಖರೆ" ಅಂತ ಬರೆದರೆ "ಕರೆ" ಆಗ್ತದ, "ಶರಣ" ಹೋಗಿ "ಸರನ" ಆಗ್ತದ! ಪರಿಹಾರ ಸುಲಭ. ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಸ್ಟಿಕಿ ಕೀಸ್ ಆನ್ ಮಾಡ್ರಿ. ಆಗ ಶಿಫ್ಟನ್ನು ಒತ್ತಿ ಬಿಟ್ಟು, ಆಮೇಲೆ ಕೆ ಒತ್ತಿದರೂ ಖ ಬರ್ತದ. ಎರಡು ಕೈ ಆಡದವರಿಗಾಗಿ ಮಾಡಿದ ಸೌಲಭ್ಯ ಅದು, ಒಂದೇ ಕೀ ಹಿಡಿಯೋ ಯಂತ್ರಕ್ಕೂ ಒದಗಿ ಬಂತು.

(6/8)
ಬಿಸಿಲಿನ ಮಾತು ಬಿಟ್ಟರೆ ಕಲಬುರಗಿಯವರು ನಂಬೋದಿಲ್ಲ.

ಸೂರ್ಯನ ಬೆಳಕಿನಲ್ಲಿ ಇನ್ಫ್ರಾರೆಡ್ ತುಂಬಿ ತುಳುಕ್ತದ. ರಿಸೀವರ್ ಅದರ ನಡುವೆ ಕೀಬೋರ್ಡಿನ ಬೆಳಕನ್ನು ಗುರುತಿಸೋದು, ಅದು ಸೆಕೆಂಡಿಗೆ 36,000 ಅಥವಾ 38,000 ಸಲ ಮಿಣುಕೋದರಿಂದ. ಸಂತೆಯ ಗದ್ದಲದಾಗ ಗೆಳೆಯನ ಸೀಟಿ ಗುರುತು ಹಿಡಿದಂಗ. ಆದರೆ ನೇರ ಬಿಸಿಲು ರಿಸೀವರ್ ಮೇಲೇ ಬಿದ್ದರೆ ಅದರ ಕಣ್ಣು ಕೋರೈಸಿ, ದೂರ ಕಡಿಮೆ ಆಗ್ತದ, ಕೀಗಳು ತಪ್ಪಿ ಹೋಗ್ತಾವ. ತಾಜಸುಲ್ತಾನಪುರದ ಪಡಸಾಲೆಗಳಲ್ಲಿ ಮಧ್ಯಾಹ್ನ ಮೂರರ ಬಿಸಿಲು ಒಳಗ ಎಷ್ಟು ದೂರ ಬರ್ತದ ಅಂತ ಇಲ್ಲಿಯವರಿಗೆ ನಾನು ಹೇಳಬೇಕಿಲ್ಲ. "ಬೆಳಿಗ್ಗೆ ನಡೀತದ, ಮಧ್ಯಾಹ್ನ ನಡೆಯಂಗಿಲ್ಲ, ಲಿನಕ್ಸೇ ಸರಿ ಇಲ್ಲ" ಅಂತ ಬೈಯೋದಕ್ಕಿಂತ ಮೊದಲು ರಿಸೀವರನ್ನು ಕಿಟಕಿಗೆ ಬೆನ್ನು ಮಾಡಿ ತಿರುಗಿಸ್ರಿ, ಇಲ್ಲಾ ರಟ್ಟಿನದೊಂದು ಸಣ್ಣ ನೆರಳು ಕಟ್ಟ್ರಿ. ಹಳೆ ಸಿಎಫ್‌ಎಲ್ ಬಲ್ಬೂ ಇದೇ ಕಾಟ ಕೊಡ್ತದ. ಇನ್ನು ಕೀಬೋರ್ಡ್ ನೇರವಾಗಿ ರಿಸೀವರ್ ಕಡೆ ಮುಖ ಮಾಡಿರಬೇಕು ಅಂತಿಲ್ಲ. ಸುಣ್ಣ ಹೊಡೆದ ಬಿಳಿ ಗೋಡೆ ಇದ್ದರೆ ಬೆಳಕು ಅದಕ್ಕ ಬಡಿದು ವಾಪಸ್ ಬರ್ತದ.

ಗೋಡೆ ಅಂದಾಗ ನೆನಪಾಯ್ತು. ಇನ್ಫ್ರಾರೆಡ್ ಗೋಡೆ ದಾಟೋದಿಲ್ಲ ಅನ್ನೋದು ಒಂದು ಗುಣವೂ ಹೌದು. ರೇಡಿಯೋ ಮೂಲಕ ನಡೆಯೋ ಅಗ್ಗದ ವೈರ್‌ಲೆಸ್ ಕೀಬೋರ್ಡ್‌ಗಳು ಒತ್ತಿದ ಕೀಗಳನ್ನು ಯಾವ ಗುಪ್ತಲಿಪಿಯೂ ಇಲ್ಲದೆ ಗಾಳಿಗೆ ಬಿಡ್ತಾವ ಅಂತ 2016ರಲ್ಲಿ ಬ್ಯಾಸ್ಟಿಲ್ ಅನ್ನೋ ಸುರಕ್ಷತಾ ಕಂಪನಿ ತೋರಿಸಿತು. ಇನ್ನೂರೈವತ್ತು ಅಡಿ ದೂರದಿಂದ ಪಾಸ್‌ವರ್ಡ್ ಓದಬಹುದು ಅಂದಿದ್ದರು. ಇನ್ಫ್ರಾರೆಡ್‌ನಲ್ಲೂ ಗುಪ್ತಲಿಪಿ ಇರೋದಿಲ್ಲ, ಆದರೆ ಕೇಳಬೇಕಾದವನು ಕೋಣೆಯೊಳಗೇ ಇರಬೇಕು, ಇಲ್ಲಾ ಕಿಟಕಿಯಿಂದ ಇಣುಕಬೇಕು. ಬ್ಯಾಂಕ್ ಪಾಸ್‌ವರ್ಡ್‌ಗೆ ಇದೇ ವಾಸಿ ಅಂತ ನಾನು ಹೇಳ್ತಿಲ್ಲ. ಅದಕ್ಕೆ ವೈರ್ ಇರೋದನ್ನೇ ಬಳಸ್ರಿ.

(7/8)
ಈಗ ನನ್ನ ವಾದದ ಗಟ್ಟಿ ಭಾಗಕ್ಕೆ ಬರ್ತೀನಿ. ಕಾಮೆಂಟ್‌ನಲ್ಲಿ ನೀವು ಏನು ಕೇಳ್ತೀರಿ ಗೊತ್ತದ: "ಐನೂರು ರೂಪಾಯಿಗೆ ಹೊಸ ಕೀಬೋರ್ಡ್ ಸಿಗುವಾಗ ಇಷ್ಟು ತಲೆಬ್ಯಾನಿ ಯಾಕ್ರಿ?"

ಐನೂರು ರೂಪಾಯಿ ನಿಮ್ಮ ಹತ್ರ ಇದ್ದರೆ, ಸಮಯ ಇಲ್ಲದಿದ್ದರೆ, ಖರೇನ ಹೊಸದು ತಗೋರಿ. ನನ್ನ ತಕರಾರು ಕೀಬೋರ್ಡಿನ ಬೆಲೆ ಬಗ್ಗೆ ಅಲ್ಲ, ಪಟ್ಟಿ ಯಾರ ಕೈಯಾಗ ಅದ ಅನ್ನೋದರ ಬಗ್ಗೆ. ಮತ್ತು ಇದು ಕನ್ನಡದವರಿಗೆ ಚೊಲೋ ಅರ್ಥ ಆಗಬೇಕಾದ ಮಾತು. ಯಾಕಂದ್ರ ನಾವು ಪಟ್ಟಿ ಇಲ್ಲದೆ ನರಳಿದವರು. 1991ರಲ್ಲೇ ಯೂನಿಕೋಡ್‌ನ ಮೊದಲ ಆವೃತ್ತಿಯೊಳಗ ಕನ್ನಡ ಇತ್ತು. ಆದರೂ ವರ್ಷಾನುಗಟ್ಟಲೆ ನಾವು ಬರೆದದ್ದು ಒಂದೊಂದು ಸಾಫ್ಟ್‌ವೇರಿಗೆ ಒಂದೊಂದು ಥರದ ಫಾಂಟ್ ಸಂಕೇತದಲ್ಲಿ. ಒಂದರಲ್ಲಿ ಟೈಪ್ ಮಾಡಿದ ಅರ್ಜಿ ಇನ್ನೊಂದರಲ್ಲಿ ತೆಗೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಎಷ್ಟೋ ತಾಲ್ಲೂಕು ಕಚೇರಿ, ಮುದ್ರಣಾಲಯ, ಪ್ರಬಂಧ ಬರೆದವರ ಪೆನ್‌ಡ್ರೈವ್‌ಗಳಲ್ಲಿ ಇವತ್ತಿಗೂ ಹಂತಾ ಫೈಲ್‌ಗಳು ಕೂತಾವ. ಅವುಗಳಲ್ಲಿ ಓದಲಿಕ್ಕೆ ಬಂದಂಥವು ಬಂದದ್ದು ಹೆಂಗ? ಯಾವ ಸಂಕೇತ ಯಾವ ಅಕ್ಷರ ಅನ್ನೋ ಪಟ್ಟಿಯನ್ನು ಯಾರೋ ಕೂತು ಬರೆದು, ಪರಿವರ್ತಕ ಮಾಡಿ, ಎಲ್ಲರಿಗೂ ತೆರೆದಿಟ್ಟದ್ದಕ್ಕೆ. ಜೇರೋಡ್ ವಿಲ್ಸನ್ ಕೀಬೋರ್ಡಿಗೆ ಮಾಡಿದ ಕೆಲಸವನ್ನೇ ನಮ್ಮವರು ಅಕ್ಷರಕ್ಕೆ ಮಾಡಿದರು.

ಹಿಂಗಾಗಿ ನನ್ನ ಬೇಡಿಕೆ ಸಣ್ಣದು. ಕಂಪನಿ ಒಂದು ಸಾಮಾನಿನ ಬೆಂಬಲ ನಿಲ್ಲಿಸುವಾಗ ಅದರ ಸಂಕೇತ ಪಟ್ಟಿಯನ್ನು ಬಹಿರಂಗ ಮಾಡಬೇಕು. ಕೀಬೋರ್ಡಿಗೆ ಎರಡು ಪುಟದ ಪಿಡಿಎಫ್ ಸಾಕು, ಯಾವ ದೊಡ್ಡ ಗುಟ್ಟೂ ಅದರಾಗ ಇಲ್ಲ. ಭಾರತದಲ್ಲಿ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿದೆ, 2023ರ ಏಪ್ರಿಲ್‌ನಿಂದ ಹೊಸ ಇ-ತ್ಯಾಜ್ಯ ನಿಯಮಗಳೂ ಜಾರಿಯಲ್ಲಿವೆ. ಗುಜರಿಯನ್ನು ಲೆಕ್ಕ ಇಟ್ಟು ಪುಡಿ ಮಾಡೋದು ಒಳ್ಳೇದೇ. ಆದರೆ ಗುಜರಿ ಆಗದಂತೆ ತಡೆಯೋ ಕಾಗದ ಕೇಳೋದು ಇನ್ನೂ ಒಳ್ಳೇದು, ಅದಕ್ಕೆ ಖರ್ಚೂ ಇಲ್ಲ.

ಮತ್ತೆ ಕಲಿಕೆಯ ಮಾತು. ನಮ್ಮ ಐಟಿಐ, ಡಿಪ್ಲೊಮಾ ಹುಡುಗರು ವರ್ಷಗಟ್ಟಲೆ ಪುಸ್ತಕದಲ್ಲಿ "ಪ್ರೋಟೋಕಾಲ್", "ಎನ್‌ಕೋಡಿಂಗ್" ಅಂತ ಬಾಯಿಪಾಠ ಮಾಡ್ತಾರ. ಬೆಳಕು ಸ್ಕ್ಯಾನ್‌ಕೋಡ್ ಆಗಿ, ಸ್ಕ್ಯಾನ್‌ಕೋಡ್ ಕೀ ಆಗಿ, ಕೀ "ಕ" ಆಗೋದನ್ನು ಒಮ್ಮೆ ತಮ್ಮ ಕೈಯಿಂದಲೇ ಮಾಡಿದರೆ ಆ ಶಬ್ದಗಳು ಮತ್ತೆ ಮರೆಯೋದಿಲ್ಲ. ಹೊಸ ಕೀಬೋರ್ಡ್ ಚುಚ್ಚಿದರೆ ಏನೂ ಕಲಿಯೋದಿಲ್ಲ, ಅದು ನಡೆದುಬಿಡ್ತದ.

(8/8)
ಲಿನಕ್ಸ್ ಭಕ್ತಿ ನನಗ ಅಷ್ಟಿಲ್ಲ, ಅದನ್ನೂ ಹೇಳಿಬಿಡ್ತೀನಿ. ಲಿನಕ್ಸ್ ಸಹ ಕೈಬಿಡ್ತದ. ಇನ್ಫ್ರಾರೆಡ್‌ನಲ್ಲೇ ಐಆರ್‌ಡಿಎ ಅಂತ ಇನ್ನೊಂದು ಪದ್ಧತಿ ಇತ್ತು, ಹಳೆ ನೋಕಿಯಾ ಫೋನ್ ಎದುರುಬದುರು ಇಟ್ಟು ಫೈಲ್ ಕಳಸ್ತಿದ್ದೆವಲ್ಲ, ಅದು. ರಿಮೋಟಿನ ಇನ್ಫ್ರಾರೆಡ್‌ಗೂ ಅದಕ್ಕೂ ಸಂಬಂಧ ಇಲ್ಲ. 2018ರಲ್ಲಿ 4.17 ಕರ್ನಲ್‌ನಿಂದ ಅದನ್ನು ಪೂರಾ ತೆಗೆದು ಹಾಕಿದರು, ಯಾಕಂದ್ರ ನೋಡಿಕೊಳ್ಳೋರು ಯಾರೂ ಉಳಿದಿರಲಿಲ್ಲ. ನಿಮ್ಮ ಕೈಯಾಗಿನ ಕೀಬೋರ್ಡ್ ಪಾಮ್ ಪೈಲಟ್ ಕಾಲದ ಮಡಚೋ ಐಆರ್‌ಡಿಎ ಕೀಬೋರ್ಡ್ ಆಗಿದ್ದರೆ, ಮ್ಯಾಲ ಹೇಳಿದ್ದು ಯಾವುದೂ ನೇರವಾಗಿ ಹತ್ತೋದಿಲ್ಲ. ವ್ಯತ್ಯಾಸ ಇಷ್ಟೇ: ತೆಗೆದ ಆ ಕೋಡ್ ಇವತ್ತಿಗೂ ಹಳೆ ಆವೃತ್ತಿಯಲ್ಲಿ ಓದಲಿಕ್ಕೆ ಸಿಗ್ತದ, ಬೇಕಾದವರು ಎತ್ತಿಕೊಳ್ಳಬಹುದು. ಮೀಡಿಯಾ ಸೆಂಟರ್ ಬೇಕು ಅಂತ ಮೈಕ್ರೋಸಾಫ್ಟ್ ಬಾಗಿಲು ಬಡಿದರೆ ಯಾರು ತೆಗೀತಾರ?

ದಿನಾ ಎಂಟು ತಾಸು ಟೈಪ್ ಮಾಡೋರಿಗೆ ಇನ್ಫ್ರಾರೆಡ್ ಕೀಬೋರ್ಡ್ ಬ್ಯಾಡ. ವೇಗವಾಗಿ ಬರೆದರೆ ಅಲ್ಲಲ್ಲಿ ಅಕ್ಷರ ನುಂಗ್ತದ. ಟಿವಿಗೆ ಜೋಡಿಸಿದ ಹಳೆ ಕಂಪ್ಯೂಟರ್, ಮಕ್ಕಳಿಗೆ ಪಾಠದ ವಿಡಿಯೋ ಹಾಕೋದು, ದೂರ ಕೂತು ಪ್ರೊಜೆಕ್ಟರ್ ನಡೆಸೋದು, ಇಂಥದ್ದಕ್ಕೆ ಸರಿ.

ನಿಮ್ಮ ಹತ್ರ ಹಿಂತಾ ಕೀಬೋರ್ಡ್ ಇದ್ದು ಪಟ್ಟಿ ಬರೆದರೆ, ಹಿಂಬದಿಯ ಮಾಡೆಲ್ ನಂಬರಿನ ಜೊತೆ ಅದರ ಫೋಟೋ ಕಾಮೆಂಟ್‌ನಲ್ಲಿ ಹಾಕ್ರಿ. ಅದೇ ಮಾಡೆಲ್ ಇನ್ಯಾರದೋ ಅಟ್ಟದ ಮ್ಯಾಲ ಇರ್ತದ. ಸೆಲ್ ಹೊಸದು ಹಾಕಿ ನೋಡ್ರಿ ಮೊದಲು, ಅರ್ಧ ಮಂದಿಯ ಸಮಸ್ಯೆ ಅಲ್ಲೇ ಮುಗೀತದ.

#ತಾಜಸುಲ್ತಾನಪುರ #ಕಲಬುರಗಿ #ಲಿನಕ್ಸ್ #ಹಳೆಸಾಮಾನು #ಕನ್ನಡಕೀಬೋರ್ಡ್